ಪಿಟಿ ಪೀರಿಯಡ್‌ನಲ್ಲಿ ಕಟ್ಟೆ ಖಾಲಿ ಇರಬೇಕು

ಒಂದು ಹೈಸ್ಕೂಲಿನಲ್ಲಿ ಸಮನ್ವಯ ಶಿಕ್ಷಣ, ಅಂದರೆ ವಿಕಲಚೇತನ ಮಕ್ಕಳನ್ನು ಎಲ್ಲರ ಜೊತೆಗೇ ಕಲಿಸುವುದು, ಹೇಗೆ ನಡೆದಿದೆ ಎಂದು ತಿಳಿಯಬೇಕಾದರೆ ಹಾಜರಿ ಪುಸ್ತಕ ನೋಡಬೇಡಿ, ಗೋಡೆ ಮೇಲಿನ ಘೋಷಣೆಯನ್ನೂ ಓದಬೇಡಿ. ಪಿಟಿ ಪೀರಿಯಡ್ ಶುರುವಾದ ಮೇಲೆ ಮೈದಾನಕ್ಕೆ ಹೋಗಿ, ಮರದ ಕೆಳಗಿನ ಕಟ್ಟೆ ನೋಡಿ. ಅಲ್ಲಿ ಯಾರು ಕೂತಿದ್ದಾರೆ? ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕಿಕೊಂಡ ಹುಡುಗ, ಕಣ್ಣು ಕಾಣದ ಹುಡುಗಿ, ಕಿವಿ ಕೇಳದ ಇನ್ನೊಬ್ಬ. ಕೈಯಲ್ಲಿ ಬೇರೆಯವರ ವಾಚು, ಪಕ್ಕದಲ್ಲಿ ಬೇರೆಯವರ ಚಪ್ಪಲಿ. ಕೇಳಿದರೆ "ಅವರು ಸ್ಕೋರ್ ಬರೀತಾರ್ರಿ ಸರ" ಎಂಬ ಉತ್ತರ ಬರುತ್ತದೆ. ಯಾವತ್ತೋ ಒಂದಿನ ಸ್ಕೋರ್ ಬರೆಯುವುದು ಬೇರೆ, ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಮೂರು ವರ್ಷ ಅದನ್ನೇ ಮಾಡಿಸುವುದು ಬೇರೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಜೊತೆಗೆ ಪ್ರತಿಭಾ ಕಾರಂಜಿ, ಶಾಲಾ ಸಂಸತ್ತು, ಪ್ರವಾಸ, ವಾರ್ಷಿಕೋತ್ಸವ ಎಲ್ಲದರ ಉಸ್ತುವಾರಿಯೂ ನನ್ನದೇ, ಇಷ್ಟಪಟ್ಟು ತೆಗೆದುಕೊಂಡಿದ್ದು. ನಮ್ಮಲ್ಲಿ ಬೇರೆ ಬೇರೆ ತೊಂದರೆ ಇರುವ ಮಕ್ಕಳು ಒಂದಿಷ್ಟು ಜನ ಓದುತ್ತಿದ್ದಾರೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಪಾಠದ ಹೊರಗೆ ಅವರ ಜೊತೆ ಏನೇನು ಮಾಡುತ್ತಿದ್ದೇವೆ ಎಂಬುದನ್ನು ಬರೆಯಲೇಬೇಕು ಅನ್ನಿಸಿದೆ. ಯಾಕೆಂದರೆ ಬೇರೆ ಶಾಲೆಯ ಗೆಳೆಯರು ಫೋನ್ ಮಾಡಿದಾಗೆಲ್ಲ ಇದನ್ನೇ ಕೇಳುತ್ತಾರೆ: "ಕ್ಲಾಸಿನ್ಯಾಗ ಹೆಂಗೋ ಕೂರಸ್ತೀವಿ ಮಾರಾಯ, ಆಟಕ್ಕ ಏನ್ ಮಾಡೋದು?"

ಮೊದಲು ಕಾನೂನಿನ ಮಾತು ಹೇಳಿ ಮುಗಿಸುತ್ತೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ಏಪ್ರಿಲ್‌ನಲ್ಲಿ. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಹೊಸದರಲ್ಲಿ 21 ಇವೆ. ಇದು ನಮ್ಮ ಟ್ರೈನಿಂಗ್‌ಗಳಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ಕಾಯ್ದೆಯ 16ನೇ ಕಲಮು ಶಾಲೆಗಳ ಕರ್ತವ್ಯ ಏನೇನು ಎಂದು ಹೇಳುತ್ತದಲ್ಲ, ಅದರ ಮೊದಲನೇ ಸಾಲನ್ನು ಜಾಸ್ತಿ ಜನ ಓದಿಲ್ಲ. ಭೇದ ಮಾಡದೆ ಸೇರಿಸಿಕೊಳ್ಳಬೇಕು ಎಂದ ಉಸಿರಿನಲ್ಲೇ, ಓದಿನ ಜೊತೆಗೆ ಆಟಕ್ಕೂ ಮನರಂಜನೆಗೂ ಉಳಿದವರಷ್ಟೇ ಅವಕಾಶ ಕೊಡಬೇಕು ಎಂದು ಅಲ್ಲಿದೆ. ರ‍್ಯಾಂಪು, ಟಾಯ್ಲೆಟ್ಟು, ಪರೀಕ್ಷೆಯ ಹೆಚ್ಚುವರಿ ಸಮಯ ಎಲ್ಲ ಅದರ ನಂತರ ಬರುತ್ತವೆ. ಆಟ ಮೊದಲ ಸಾಲಿನಲ್ಲೇ ಇದೆ. ಹಾಗಾಗಿ "ಸಾಧ್ಯ ಆದರೆ ಆಡಿಸೋಣ" ಎನ್ನುವ ಮಾತಿಗೆ ಜಾಗವೇ ಇಲ್ಲ.

ನಮ್ಮ ಪಿಟಿ ಸರ್ ಈ ವಿಷಯದಲ್ಲಿ ನನಗಿಂತ ಮುಂದೆ. ಅವರು ಕೇಳಿದ ಪ್ರಶ್ನೆ ಸರಳ: ಆಟಕ್ಕೆ ತಕ್ಕ ಮಕ್ಕಳನ್ನು ಹುಡುಕುವ ಬದಲು ಮಕ್ಕಳಿಗೆ ತಕ್ಕಂತೆ ಆಟದ ನಿಯಮ ಬದಲಾಯಿಸಿದರೆ ಏನಾಗುತ್ತದೆ? ಹಾಗೆ ಶುರುವಾಗಿದ್ದು ಬೋಚಿಯಾ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇರುವವರು ಆಡಲೆಂದೇ ರೂಪುಗೊಂಡ ಆಟ ಇದು. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ. ಒಂದು ಬಿಳಿ ಚೆಂಡು ಎಸೆದು ಬಿಡುವುದು, ಆಮೇಲೆ ಒಬ್ಬರು ಆರು ಕೆಂಪು, ಇನ್ನೊಬ್ಬರು ಆರು ನೀಲಿ ಚೆಂಡು ಎಸೆದು ಬಿಳಿ ಚೆಂಡಿನ ಹತ್ತಿರ ತಲುಪಿಸುವುದು. ಕೇಳೋಕೆ ಇಷ್ಟೇ. ಆಡಲು ಕೂತರೆ ಕೇರಂನಷ್ಟೇ ಲೆಕ್ಕಾಚಾರ ಬೇಕು.

ಅಂಗಡಿಯಿಂದ ಸೆಟ್ ತರುವಷ್ಟು ದುಡ್ಡು ಶಾಲೆಯಲ್ಲಿ ಇರಲಿಲ್ಲ. ಹಳೇ ಸಾಕ್ಸ್‌ನಲ್ಲಿ ಚೆಂಡು ಹೊಲಿದೆವು. ನಿಜವಾದ ಬೋಚಿಯಾ ಚೆಂಡು ಸುಮಾರು 275 ಗ್ರಾಂ ತೂಗುತ್ತದೆ, ಸುತ್ತಳತೆ 27 ಸೆಂಟಿಮೀಟರ್. ಒಳಗೆ ಬರೀ ಮರಳು ತುಂಬಿದರೆ ಅಷ್ಟು ದಪ್ಪ ಆಗುವ ಹೊತ್ತಿಗೆ ಹೆಚ್ಚುಕಡಿಮೆ ಎರಡರಷ್ಟು ಭಾರ ಆಗುತ್ತದೆ. ಕಾಳು ತುಂಬಿದರೆ ಇಲಿ ಬಿಡುವುದಿಲ್ಲ. ಕೊನೆಗೆ ಪಿಟಿ ಸರ್ ದಾರಿ ಕಂಡುಕೊಂಡರು: ನಡುವೆ ಒಂದು ಮರಳಿನ ಪೊಟ್ಟಣ, ಅದರ ಸುತ್ತ ಬಿಗಿಯಾಗಿ ಬಟ್ಟೆ ಚಿಂದಿ, ಮೇಲೆ ಎರಡು ಸಾಕ್ಸ್, ಬಾಯಿಗೆ ದಬ್ಬಳದ ಹೊಲಿಗೆ. ತೂಕ ಮಾಡಿದ್ದು ಬಿಸಿಯೂಟದ ಅಕ್ಕಂದಿರ ತಕ್ಕಡಿಯಲ್ಲಿ. ಮೈದಾನದ ಮಣ್ಣಿನಲ್ಲಿ ಈ ಚೆಂಡು ಉರುಳುವುದಿಲ್ಲ, ಅದಕ್ಕೆ ಪ್ರಾರ್ಥನಾ ಹಾಲಿನ ನೆಲದಲ್ಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇವೆ.

ಒಬ್ಬ ಹುಡುಗನಿಗೆ ಕೈಯಿಂದ ಎಸೆಯಲೂ ಆಗುವುದಿಲ್ಲ. ಬೆರಳು ಬಿಗಿಯಾಗಿಬಿಡುತ್ತವೆ. ಅಂಥವರಿಗೆ ಬೋಚಿಯಾ ನಿಯಮದಲ್ಲೇ ಇಳಿಜಾರು ಪಟ್ಟಿ ಬಳಸಲು ಅವಕಾಶ ಇದೆ. ನಾವು ಒಂದು ದಪ್ಪ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ ಅರ್ಧ ಕೊಳವೆ ಮಾಡಿಕೊಂಡೆವು. ಅದನ್ನು ಹಿಡಿಯಲು ಒಬ್ಬ ಸಹಾಯಕ ಇರಬಹುದು, ಆದರೆ ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವಂತಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಎಷ್ಟು ಎಡಕ್ಕೆ, ಎಷ್ಟು ಎತ್ತರಕ್ಕೆ ಎಂದು ಹೇಳುವುದು ಆಡುವವನೇ. ಹಿಡಿದವನು ಹೇಳಿದಷ್ಟು ಮಾಡಬೇಕು. ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಕಡೆ ತನ್ನ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡುವುದನ್ನೇ ನೋಡಿ ಬೆಳೆದ ಹುಡುಗ ಅವನು. ಅವನು "ಇನ್ನೂ ಎಡಕ್ಕ ಬಾರಲೇ... ಸಾಕ್, ಸಾಕ್... ಸ್ವಲ್ಪ ಮ್ಯಾಲೆ ಎತ್ತು" ಎಂದು ಗದರುವುದನ್ನು ಹಾಲಿನ ಬಾಗಿಲಲ್ಲಿ ನಿಂತು ಕೇಳಬೇಕು. ಈಗ ಮಳೆ ಬಂದ ದಿನ ಕಬಡ್ಡಿ ಹುಡುಗರೂ ಬೋಚಿಯಾಕ್ಕೆ ಸಾಲು ನಿಲ್ಲುತ್ತಾರೆ, ಅವನ ಹತ್ತಿರ ಸೋತು ಹೋಗುತ್ತಾರೆ.

ಓಟದ ವಿಷಯಕ್ಕೆ ಬರುತ್ತೇನೆ. ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಎರಡೂ ಕಣ್ಣು ಕಾಣುವುದಿಲ್ಲ. "ನಾನೂ ಓಡ್ತೀನ್ರಿ ಸರ" ಎಂದು ಅವಳೇ ಬಂದು ಕೇಳಿದಳು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಸುದ್ದಿ ಅವಳಿಗೆ ರೇಡಿಯೋದಲ್ಲಿ ಗೊತ್ತಾಗಿತ್ತಂತೆ. ರಕ್ಷಿತಾ ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರ್‌ನಲ್ಲಿ ಚಿನ್ನ ಗೆದ್ದವರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರ ಜೊತೆ ದಾರಿ ತೋರಿಸಲು ಯಾವಾಗಲೂ ಒಬ್ಬ ಗೈಡ್ ಓಡುತ್ತಾರೆ, ಇಬ್ಬರ ಕೈಗೂ ಒಂದು ಸಣ್ಣ ಪಟ್ಟಿ. ನಾವು ಶೂ ಲೇಸನ್ನೇ ಕುಣಿಕೆ ಮಾಡಿದೆವು.

ಗೈಡ್ ಆಗಲು ಯಾರನ್ನು ಆರಿಸಬೇಕು ಎಂಬುದು ಮುಖ್ಯ. ಅಕ್ಕರೆಯಿಂದ ಕೈ ಹಿಡಿದು ನಡೆಸುವ ಗೆಳತಿ ಇಲ್ಲಿ ಸಾಲುವುದಿಲ್ಲ. ಗೈಡ್ ಅವಳಿಗಿಂತ ಜೋರಾಗಿ ಓಡುವವಳಾಗಿರಬೇಕು, ಇಲ್ಲದಿದ್ದರೆ ಇವಳ ವೇಗವನ್ನು ಅವಳು ಎಳೆದು ಕಟ್ಟಿದಂತಾಗುತ್ತದೆ. ಆದರೆ ಗೆರೆ ದಾಟುವಾಗ ಗೈಡ್ ಮುಂದೆ ಇರುವಂತಿಲ್ಲ, ಓಟಗಾರ್ತಿಯೇ ಮೊದಲು ದಾಟಬೇಕು, ಇಲ್ಲದಿದ್ದರೆ ಓಟವೇ ರದ್ದು. ನಮ್ಮ ಶಾಲೆಯಲ್ಲಿ 400 ಮೀಟರ್ ಓಡುವ ಹತ್ತನೇ ಕ್ಲಾಸಿನ ಹುಡುಗಿ ಒಪ್ಪಿಕೊಂಡಳು. ಮೊದಮೊದಲು ಇಬ್ಬರ ಕೈ ಬೀಸುವ ತಾಳ ಕೂಡಿ ಬರುತ್ತಿರಲಿಲ್ಲ. ಒಬ್ಬಳ ಎಡಗೈ ಹಿಂದೆ ಹೋದಾಗ ಇನ್ನೊಬ್ಬಳ ಬಲಗೈಯೂ ಹಿಂದೆ ಹೋಗಬೇಕು, ಹೆಜ್ಜೆಯೂ ಹಾಗೇ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮೈದಾನದಲ್ಲಿ ಬರೀ ನಡಿಗೆ, ಆಮೇಲೆ ನಿಧಾನದ ಓಟ, ಆಮೇಲೆ ಜೋರು. "ತಿರುವು... ತಿರುವು... ನೆಟ್ಟಗ" ಎಂದು ಕೂಗುತ್ತಾ ಓಡುವ ಆ ದೊಡ್ಡ ಹುಡುಗಿಯ ಟೈಮಿಂಗ್ ಕೂಡ ಸುಧಾರಿಸಿದೆ, ಇದನ್ನು ಪಿಟಿ ಸರ್ ಖುಷಿಯಿಂದ ಎಲ್ಲರಿಗೂ ಹೇಳುತ್ತಾರೆ.

ಕಾಲಿಗೆ ತೊಂದರೆ ಇರುವವರಿಗೆ ಹಾರುವ ಆಟ ಬೇಡ ಎನ್ನುವವರಿಗೆ ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡ ಅವರನ್ನು ನೆನಪಿಸುತ್ತೇನೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ತಂದವರು. ಅವರ ಎಡಗಾಲಿಗೆ ಹುಟ್ಟಿನಿಂದಲೇ ತೊಂದರೆ. ಎಲ್ಲ ಮಕ್ಕಳೂ ಪದಕ ತರಬೇಕು ಎಂದು ಹೇಳುತ್ತಿಲ್ಲ. ಸಾಮಾನ್ಯ ಮಕ್ಕಳಲ್ಲೂ ಪದಕ ತರುವವರು ಎಷ್ಟು ಮಂದಿ ಇದ್ದಾರೆ? ಆದರೂ ಅವರನ್ನು ಮೈದಾನಕ್ಕೆ ಬಿಡುತ್ತೇವೆ ಅಲ್ವಾ.

ಕ್ರಿಕೆಟ್‌ಗೆ ಖರ್ಚೇ ಇಲ್ಲ. ಚೆಂಡಿನ ಸುತ್ತ ಪರಪರ ಸದ್ದು ಮಾಡುವ ಪ್ಲಾಸ್ಟಿಕ್ ಕವರ್ ಸುತ್ತಿ, ಅಂಡರ್ ಆರ್ಮ್ ಬೌಲಿಂಗ್ ಮಾಡಿಸಿ, ಚೆಂಡು ನೆಲದ ಮೇಲೆ ಉರುಳಿ ಬರಲಿ. ಅಂಧರ ಕ್ರಿಕೆಟ್‌ನಲ್ಲಿ ಗಲಗಲ ಸದ್ದಿನ ಚೆಂಡು ಇರುತ್ತದೆ, ಪೂರ್ತಿ ಕಣ್ಣು ಕಾಣದ ಬ್ಯಾಟರ್ ಹೊಡೆದ ಪ್ರತಿ ರನ್ನಿಗೂ ಎರಡು ಲೆಕ್ಕ. ನಮ್ಮ ಶೇಖರ್ ನಾಯ್ಕ್ ಭಾರತ ತಂಡದ ನಾಯಕರಾಗಿ ಆಡಿದ್ದು ಇದೇ ಆಟ, 2017ರಲ್ಲಿ ಪದ್ಮಶ್ರೀ ಬಂದಿದ್ದೂ ಇದಕ್ಕೇ. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದವರೇ. ನಮ್ಮ ಹುಡುಗರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಲು ನೋಡಿದರು. ಎಲ್ಲರೂ ಬೌಲ್ಡ್. ಕಣ್ಣು ಕಾಣದ ಹುಡುಗಿ ಮಾತ್ರ ಸದ್ದಿನ ಜಾಡು ಹಿಡಿದು ಸ್ವೀಪ್ ಹೊಡೆಯುತ್ತಾಳೆ.

ಇಷ್ಟು ಶಾಲೆಯೊಳಗೆ. ಶಾಲೆ ದಾಟಿ ಕ್ರೀಡಾಕೂಟಕ್ಕೆ ಹೋದರೆ ನನಗೆ ಸಿಟ್ಟು ಬರುತ್ತದೆ. ವಲಯ ಮಟ್ಟದ ಕೂಟದಲ್ಲಿ ಈ ಹುಡುಗಿ ಓಡಬೇಕೆಂದರೆ ಅವಳಿಗೆ ವಿಭಾಗವೇ ಇರಲಿಲ್ಲ. "ಡಿಸೆಂಬರ್ 3ಕ್ಕೆ ಅವರದ್ದೇ ಬೇರೆ ಪ್ರೋಗ್ರಾಂ ಇರ್ತದಲ್ರಿ" ಎಂದರು. ಹೌದು, ವಿಕಲಚೇತನರ ದಿನದಂದು ಕಾರ್ಯಕ್ರಮ ಇರುತ್ತದೆ. ನಾನು ಕರೆದುಕೊಂಡು ಹೋದ ಒಂದು ಕಾರ್ಯಕ್ರಮದಲ್ಲಿ ಹದಿನೈದು ವರ್ಷದ ಮಕ್ಕಳಿಗೆ ಲಿಂಬೆಹಣ್ಣು ಚಮಚ, ಬಕೆಟ್ಟಿಗೆ ಚೆಂಡು ಹಾಕುವುದು, ಮ್ಯೂಸಿಕಲ್ ಚೇರ್. ಒಂದನೇ ಕ್ಲಾಸಿನವರಿಗೆ ಆಡಿಸಿದ್ದೂ ಅದನ್ನೇ. ಕೊನೆಗೆ ಎಲ್ಲರಿಗೂ ಒಂದೊಂದು ಸ್ಟೀಲ್ ತಟ್ಟೆ, ಒಂದು ಗುಂಪು ಫೋಟೋ. ದಿನಾ ಬೆಳಿಗ್ಗೆ ಬಂದು ತಾಲೀಮು ಮಾಡಿದವಳಿಗೂ ಅದೇ ತಟ್ಟೆ. ವಾಪಸ್ ಬರುವಾಗ ಅವಳು ಕೇಳಿದಳು, "ಸರ, ನಾನು ಎಷ್ಟನೇ ನಂಬರ್ ಬಂದೆ?" ಅಲ್ಲಿ ಯಾರೂ ನಂಬರ್ ಬರೆದುಕೊಂಡೇ ಇರಲಿಲ್ಲ.

ಬೇರೆ ದಾರಿ ಇಲ್ಲ ಎನ್ನುವಂತೆಯೂ ಇಲ್ಲ. ಪಕ್ಕದ ಕೇರಳದಲ್ಲಿ 2024ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ರಾಜ್ಯ ಶಾಲಾ ಕ್ರೀಡಾಕೂಟ ನಡೆದಾಗ ವಿಕಲಚೇತನ ಮಕ್ಕಳ ಸ್ಪರ್ಧೆಗಳನ್ನು ಮೊದಲ ಸಲ ಅದೇ ಕೂಟದೊಳಗೆ ಸೇರಿಸಿದರು. ಅದೇ ಊರು, ಅದೇ ದಿನಗಳು, ಅದೇ ಕೂಟ. ಸ್ಪೆಷಲ್ ಒಲಿಂಪಿಕ್ಸ್‌ನವರ ಯೂನಿಫೈಡ್ ಆಟಗಳಲ್ಲಂತೂ ಬೌದ್ಧಿಕ ತೊಂದರೆ ಇರುವವರು, ಇಲ್ಲದವರು ಒಂದೇ ತಂಡದಲ್ಲಿ ಆಡುತ್ತಾರೆ. ನಮ್ಮ ವಲಯ ಕೂಟದಲ್ಲಿ ಒಂದು ಗೈಡ್ ಓಟ, ಒಂದು ಕೂತು ಎಸೆಯುವ ಶಾಟ್‌ಪುಟ್, ಒಂದು ಮಿಶ್ರ ರಿಲೇ ಸೇರಿಸಿದರೆ ಎಷ್ಟು ಹೊತ್ತು ಹಿಡಿಯುತ್ತದೆ? ಉದ್ಘಾಟನೆಯ ಭಾಷಣಗಳಲ್ಲಿ ಎರಡು ಕಡಿಮೆ ಮಾಡಿದರೆ ಸಾಕು.

ಪ್ರತಿಭಾ ಕಾರಂಜಿಯಲ್ಲಿ ಬೇರೆ ಥರದ ತೊಂದರೆ. ನಮ್ಮ ಸೀಮೆಯಲ್ಲಿ ಕಣ್ಣು ಕಾಣದ ಮಗು ಎಂದರೆ ಹಾಡಲೇಬೇಕು ಎಂದು ಜನ ತಿಳಿದಿದ್ದಾರೆ. ಅದಕ್ಕೆ ಕಾರಣವೂ ಇದೆ. ಗದಗದ ವೀರೇಶ್ವರ ಪುಣ್ಯಾಶ್ರಮ ಇಲ್ಲೇ ಪಕ್ಕದಲ್ಲಿದೆ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ನಮ್ಮ ಹಾನಗಲ್ ತಾಲೂಕಿನಲ್ಲಿ ಹುಟ್ಟಿದವರು. ಅವರು ಎಷ್ಟೋ ಕುರುಡು ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟವರು, ಅವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಆದರೆ ನಮ್ಮ ಈ ಹುಡುಗಿಗೆ ಹಾಡು ಇಷ್ಟ ಇಲ್ಲ. ಅವಳಿಗೆ ವಾದ ಮಾಡಬೇಕು. ಚರ್ಚಾಸ್ಪರ್ಧೆಗೆ ಹೆಸರು ಕೊಡು ಎಂದಾಗ ಅವಳ ಮುಖ ನೋಡಬೇಕಿತ್ತು. ಟಿಪ್ಪಣಿಯನ್ನು ಸ್ಲೇಟು ಸ್ಟೈಲಸ್ (ಚುಕ್ಕಿ ಚುಚ್ಚುವ ಪಟ್ಟಿ, ಮೊಳೆ) ಹಿಡಿದು ಬ್ರೈಲ್‌ನಲ್ಲಿ ಬಲದಿಂದ ಎಡಕ್ಕೆ ಚುಚ್ಚಿಕೊಂಡು, ವೇದಿಕೆಯಲ್ಲಿ ಹಾಳೆ ತಿರುವಿ ಬೆರಳಾಡಿಸುತ್ತಾ ಮಾತಾಡುತ್ತಾಳೆ. ಎದುರಾಳಿಯ ಮಾತನ್ನು ಅಕ್ಷರಕ್ಷರ ನೆನಪಿಟ್ಟು ತಿರುಗಿಸಿ ಹೊಡೆಯುತ್ತಾಳೆ.

ಇನ್ನು ಡೊಳ್ಳು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕಿವಿ ಕೇಳದ ಹುಡುಗನೊಬ್ಬ ಎಂಟನೇ ಕ್ಲಾಸಿಗೆ ಸೇರಿದ. ಊರಿನಲ್ಲಿ ಡೊಳ್ಳಿನ ಮೇಳ ಇದೆ, ಅವನ ದೊಡ್ಡಪ್ಪನೂ ಬಾರಿಸುತ್ತಾರೆ. ಜಾನಪದ ನೃತ್ಯಕ್ಕೆ ನಮ್ಮ ಶಾಲೆ ಯಾವಾಗಲೂ ಡೊಳ್ಳು ಕುಣಿತವನ್ನೇ ಕಟ್ಟುತ್ತದೆ. ಅಭ್ಯಾಸ ನಡೆಯುವಾಗ ಈ ಹುಡುಗ ದಿನಾ ಬಂದು ಡೊಳ್ಳಿನ ಹತ್ತಿರವೇ, ಬಹಳ ಹತ್ತಿರ, ನಿಲ್ಲುತ್ತಿದ್ದ. ಕಲಿಸಲು ಬರುತ್ತಿದ್ದ ಮೇಳದ ಯಜಮಾನರು ಅವನನ್ನು ಗಮನಿಸಿದರು. ಏನೂ ಮಾತಾಡದೆ ಅವನ ಅಂಗೈ ಹಿಡಿದು ಡೊಳ್ಳಿನ ಒಂದು ಮುಖದ ಚರ್ಮದ ಮೇಲೆ ಇಟ್ಟರು, ಇನ್ನೊಂದು ಮುಖಕ್ಕೆ ತಾವು ಕೋಲು ಹಾಕಿದರು. ಒಂದು ಹೊಡೆತ. ನಿಲ್ಲಿಸಿದರು. ಎರಡು ಹೊಡೆತ. ನಿಲ್ಲಿಸಿದರು. ಹುಡುಗ ಇನ್ನೊಂದು ಕೈಯಿಂದ ತನ್ನ ತೊಡೆಯ ಮೇಲೆ ಅದೇ ಲೆಕ್ಕ ಹಾಕತೊಡಗಿದ. ಡೊಳ್ಳು ಕೊರಳಿಗೆ ಬಿದ್ದರೆ ಹೊಟ್ಟೆಗೂ ಎದೆಗೂ ತಾಗಿ ಇರುತ್ತದೆ, ಹೊಡೆತ ಮೈಯೊಳಗೇ ಇಳಿಯುತ್ತದೆ. ಕಿವಿ ಕೇಳುವವರಿಗೂ ಡೊಳ್ಳು ಅರ್ಧ ಎದೆಯಲ್ಲೇ ಕೇಳಿಸುವುದು.

ಕಷ್ಟ ಇದ್ದದ್ದು ಗತ್ತು, ಅಂದರೆ ಬಡಿತದ ವರಸೆ, ಬದಲಾಗುವ ಕಡೆ. ಮೇಳದಲ್ಲಿ ಮುಂದಿನವನು ಕೂಗು ಹಾಕಿ ಗತ್ತು ಬದಲಿಸುತ್ತಾನೆ, ಕೂಗು ಇವನಿಗೆ ಕೇಳುವುದಿಲ್ಲ. ಯಜಮಾನರು ಇಡೀ ತಂಡಕ್ಕೇ ನಿಯಮ ಬದಲಿಸಿದರು: ಕೂಗಿನ ಜೊತೆಗೆ ಮುಂದಿನವನು ಕೋಲನ್ನು ತಲೆ ಮೇಲೆ ಎತ್ತಿ ಒಂದು ಸುತ್ತು ತಿರುಗಿಸಬೇಕು. ನೋಡುವವರಿಗೆ ಅದು ಕುಣಿತದ ಅಂದವೇ ಅನ್ನಿಸುತ್ತದೆ. ಇವನಿಗೆ ಅದು ಸೂಚನೆ. ಉಳಿದ ಹುಡುಗರಿಗೂ ಅನುಕೂಲ ಆಯಿತು, ಗದ್ದಲದಲ್ಲಿ ಕೂಗು ಯಾರಿಗೆ ಸರಿಯಾಗಿ ಕೇಳುತ್ತದೆ?

ತಾಲೂಕು ಮಟ್ಟಕ್ಕೆ ಹೋದಾಗ ತೀರ್ಪುಗಾರರೊಬ್ಬರಿಗೆ ವಿಷಯ ಗೊತ್ತಾಯಿತು. ಅವನೊಬ್ಬನಿಗೇ ಒಂದು ವಿಶೇಷ ಬಹುಮಾನ ಕೊಡೋಣ ಎಂದರು. ಮನಸ್ಸು ಒಳ್ಳೆಯದೇ. ನಾನು ಕೈ ಮುಗಿದು ಬೇಡ ಎಂದೆ. ಅವನು ತಂಡದ ಜೊತೆ ಬಾರಿಸಿದ್ದಾನೆ, ತಂಡಕ್ಕೆ ಎಷ್ಟು ಅಂಕವೋ ಅಷ್ಟೇ ಅವನದ್ದೂ. ಆಮೇಲೆ ಅವನಿಗೂ ಕೈಸನ್ನೆಯಲ್ಲಿ ಕೇಳಿದೆವು, ಅವನೂ ಗೆಳೆಯರ ಕಡೆ ಬೆರಳು ತೋರಿಸಿದ. ಅವನಿಗೋಸ್ಕರ ಇಡೀ ಶಾಲೆ ಒಂದಷ್ಟು ಸನ್ನೆ ಭಾಷೆ ಕಲಿತಿದೆ. ರಾಷ್ಟ್ರಗೀತೆಯ ಸನ್ನೆ ಭಾಷೆಯ ವಿಡಿಯೋ 2017ರಲ್ಲೇ ಬಿಡುಗಡೆ ಆಗಿದೆ, ಅದನ್ನು ನೋಡಿಕೊಂಡು ಒಂದು ತಂಡ ಪ್ರಾರ್ಥನೆಯಲ್ಲಿ ಮಾಡುತ್ತದೆ. ಚಪ್ಪಾಳೆ ಎಂದರೆ ನಮ್ಮಲ್ಲಿ ಈಗ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುವುದು.

ಈ ಮೌನದ ಚಪ್ಪಾಳೆಯಿಂದ ಇನ್ನೊಬ್ಬನಿಗೂ ಉಪಕಾರ ಆಗಿದೆ. ಆಟಿಸಂ ಇರುವ ಒಬ್ಬ ಹುಡುಗನಿಗೆ ಮೈಕಿನ ಕಿರಿಚಾಟ, ಏಕಾಏಕಿ ಬೀಳುವ ಚಪ್ಪಾಳೆ ತಡೆದುಕೊಳ್ಳಲು ಆಗುವುದಿಲ್ಲ. ಆಗಸ್ಟ್ 15ರ ತಯಾರಿ ಅಂದರೆ ಅವನಿಗೆ ಹಿಂಸೆ. ಅವನನ್ನು ಮನೆಯಲ್ಲಿ ಬಿಡಿ ಎಂದು ಸಲಹೆ ಕೊಟ್ಟವರಿದ್ದಾರೆ. ನಾವು ಸ್ಪೀಕರಿನಿಂದ ದೂರ, ಸಾಲಿನ ಕೊನೆಗೆ ಅವನ ಜಾಗ ಗೊತ್ತು ಮಾಡಿದೆವು, ಸಾಕಾದಾಗ ಎದ್ದು ಇಕೋ ಕ್ಲಬ್‌ನ ಕೈತೋಟಕ್ಕೆ ಹೋಗಲು ಮೊದಲೇ ಒಪ್ಪಿಗೆ ಕೊಟ್ಟೆವು, ಕಾರ್ಯಕ್ರಮದಲ್ಲಿ ಯಾವುದಾದ ಮೇಲೆ ಯಾವುದು ಎಂದು ಚಿತ್ರ ಬರೆದ ಪಟ್ಟಿಯನ್ನು ಹಿಂದಿನ ದಿನವೇ ಕೈಗೆ ಕೊಟ್ಟೆವು. ಕೈತೋಟದ ನುಗ್ಗೆ, ಬದನೆ, ಬಸಳೆಗೆ ಯಾವ ದಿನ ಎಷ್ಟು ನೀರು ಎಂಬ ಲೆಕ್ಕ ಅವನ ಹತ್ತಿರ ಇರುವಷ್ಟು ಕರಾರುವಾಕ್ಕಾಗಿ ಬೇರೆ ಯಾರ ಹತ್ತಿರವೂ ಇಲ್ಲ. ಬಿಸಿಯೂಟದ ಅಕ್ಕಂದಿರು ಬಸಳೆ ಕೊಯ್ಯುವ ಮೊದಲು ಅವನನ್ನು ಕೇಳುತ್ತಾರೆ.

ವಿಜ್ಞಾನ ವಸ್ತು ಪ್ರದರ್ಶನದ ಬಗ್ಗೆ ಒಂದು ಮಾತು. ನೀವು ಯಾವ ತಾಲೂಕಿನ ಪ್ರದರ್ಶನಕ್ಕೆ ಹೋದರೂ ಅಂಧರಿಗಾಗಿ ಸ್ಮಾರ್ಟ್ ಕೋಲು ಒಂದಾದರೂ ಸಿಗುತ್ತದೆ, ಸೆನ್ಸರ್ ಹಾಕಿ ಎದುರಿಗೆ ಏನಾದರೂ ಬಂದರೆ ಬೀಪ್ ಎನ್ನುವಂಥದ್ದು. ನಮ್ಮ ಹುಡುಗರೂ ಮಾಡಿದ್ದರು. ನಾನು ಹೇಳಿದೆ, ಮೊದಲು ಕಣ್ಣು ಕಾಣದ ನಮ್ಮ ಹುಡುಗಿಯ ಕೈಗೆ ಕೊಡಿ. ಅವಳು ಬಿಸಿಯೂಟದ ಹೊತ್ತಿನಲ್ಲಿ ಹಿಡಿದು ಓಡಾಡಿದಳು. "ಸುಮ್ನೆ ಬಡ್ಕೋತದ್ರಿ, ಜನ ಇದ್ದಲ್ಲೆಲ್ಲ ಬಡ್ಕೋತದ. ಗುಂಡಿ ಬಂದ್ರ ಮಾತ್ರ ಸುಮ್ಮನಿರ್ತದ" ಎಂದಳು. ಆ ಒಂದು ಮಾತಿನಿಂದ ಹುಡುಗರ ಯೋಜನೆಯೇ ತಿರುಗಿತು. ಸೆನ್ಸರನ್ನು ನೆಲದ ಕಡೆ ಓರೆಯಾಗಿ ತಿರುಗಿಸಿ, ಬೀಪ್ ತೆಗೆದು, ಹಿಡಿಕೆ ನಡುಗುವಂತೆ ಮಾಡಿದರು. ತಂಡದಲ್ಲಿ ಅವಳ ಹೆಸರೂ ಸೇರಿತು. ಬಳಸುವವರನ್ನೇ ಕೇಳದೆ ಮಾಡಿದ ಎಷ್ಟು ಕೋಲುಗಳು ಲ್ಯಾಬಿನ ಕಪಾಟಿನಲ್ಲಿ ಬಿದ್ದಿವೆಯೋ.

ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಇಷ್ಟೇ ಮಾಡಿದ್ದು: ಮತಪತ್ರದ ಅಂಚಿನಲ್ಲಿ ಕ್ರಮಸಂಖ್ಯೆಯನ್ನು ಬ್ರೈಲ್‌ನಲ್ಲಿ ಚುಚ್ಚಿಸಿದೆವು, ಅಭ್ಯರ್ಥಿಗಳ ಗುರುತನ್ನು ದೊಡ್ಡ ಚಿತ್ರ ಮಾಡಿದೆವು. ನಿಜವಾದ ಮತಯಂತ್ರದಲ್ಲೂ ಬ್ರೈಲ್ ಅಂಕಿ ಇರುತ್ತದೆ, ಪಾಠಕ್ಕೂ ಅನುಕೂಲ ಆಯಿತು. ಕಲಿಕೆಯಲ್ಲಿ ಬಹಳ ಹಿಂದಿರುವ ಹುಡುಗನೊಬ್ಬ ಸ್ವಚ್ಛತಾ ಮಂತ್ರಿ ಆಗಿ ಗೆದ್ದ. ಅವನು ಮಾಡಿದ ಮೊದಲ ಕೆಲಸ ಹುಡುಗಿಯರ ಟಾಯ್ಲೆಟ್ಟಿನ ಚಿಲಕ ಕಿತ್ತುಹೋಗಿದೆ ಎಂದು ಎಚ್‌ಎಂ ಸರ್ ಹತ್ತಿರ ಮೂರು ದಿನ ಬಿಡದೆ ಹೋಗಿ ನಿಂತಿದ್ದು. ಚಿಲಕ ಬಂತು.

ಪ್ರವಾಸ ಇದ್ದದ್ದರಲ್ಲಿ ಕಷ್ಟ. ಅಪ್ಪ ಅಮ್ಮಂದಿರೇ "ಬ್ಯಾಡ್ರಿ ಸರ, ಅವನ್ನ ಯಾರ್ ನೋಡ್ಕೋತಾರ, ನಿಮಗ್ಯಾಕ ತ್ರಾಸು" ಎನ್ನುತ್ತಾರೆ. ಅವರು ಹಾಗೆ ಹೇಳುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಎಷ್ಟೋ ಕಡೆ ಬೇಡ ಅನ್ನಿಸಿಕೊಂಡು ಬಂದಿದ್ದಾರೆ, ಇಲ್ಲೂ ಅನ್ನಿಸಿಕೊಳ್ಳುವ ಮೊದಲು ತಾವೇ ಹೇಳಿಬಿಡುತ್ತಾರೆ. ನಾನು ಮನೆಗೇ ಹೋಗಿ ಕೂತು ಒಪ್ಪಿಸುತ್ತೇನೆ. ಜಾಗ ಆರಿಸುವಾಗ ಮೆಟ್ಟಿಲು, ಟಾಯ್ಲೆಟ್ಟು ಎರಡನ್ನೂ ಮೊದಲೇ ಫೋನ್ ಮಾಡಿ ವಿಚಾರಿಸಬೇಕು. ಶ್ರವಣಬೆಳಗೊಳಕ್ಕೆ ಹೋದರೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಡೋಲಿ ಸಿಗುತ್ತದೆ, ಆದರೆ ನಡೆಯಲು ಕಷ್ಟ ಇರುವ ಹದಿಹರೆಯದ ಹುಡುಗನಿಗೆ ಗೆಳೆಯರ ಮುಂದೆ ಡೋಲಿಯಲ್ಲಿ ಹೋಗಲು ಇಷ್ಟವೇ ಎಂದು ಅವನನ್ನೇ ಕೇಳಬೇಕು. ನಾವು ಹಂಪಿ ಆರಿಸಿಕೊಂಡೆವು. ವಿಜಯ ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಇದೆ, ಇಡೀ ಕ್ಲಾಸು ಅದರಲ್ಲೇ ಹೋಯಿತು, ಹಾಗಾಗಿ ಇವನಿಗೊಬ್ಬನಿಗೆ ಬೇರೆ ಗಾಡಿ ಎಂಬ ಮಾತೇ ಬರಲಿಲ್ಲ. ಕಣ್ಣು ಕಾಣದ ಹುಡುಗಿಗೆ ರಥದ ಗಾಲಿ ಎಷ್ಟು ದೊಡ್ಡದು ಎಂದು ಹೇಳಲು ಗೆಳತಿಯರು ಅಂಗಳದಲ್ಲಿ ಕೈ ಕೈ ಹಿಡಿದು ಅಷ್ಟೇ ದೊಡ್ಡ ಸುತ್ತು ನಿಂತರು, ಅವಳು ಒಳಗೆ ನಡೆದು ಅಳೆದಳು. ಇದನ್ನು ನಾವು ಹೇಳಿಕೊಟ್ಟಿರಲಿಲ್ಲ.

ಗೆಳೆಯರ ಬಗ್ಗೆ ಒಂದು ಎಚ್ಚರಿಕೆ ಬೇಕು. ಎಲ್ಲ ಶಾಲೆಯಲ್ಲೂ ಒಬ್ಬ ಒಳ್ಳೆ ಹುಡುಗಿ ಇರುತ್ತಾಳೆ, ಎಲ್ಲರೂ ಅವಳ ಮೇಲೇ ಜವಾಬ್ದಾರಿ ಹಾಕಿಬಿಡುತ್ತಾರೆ. ನೋಟ್ಸ್ ಓದಿ ಹೇಳು, ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗು, ಊಟ ತಂದುಕೊಡು. ಅವಳ ಬಾಲ್ಯವೂ ಹೋಯಿತು, ಇವರ ಸ್ನೇಹವೂ ಸೇವೆಯಾಗಿ ಹೋಯಿತು. ನಮ್ಮಲ್ಲಿ ಜೋಡಿ ಪದೇ ಪದೇ ಬದಲಾಗುತ್ತದೆ. ಸಹಾಯ ಎರಡೂ ಕಡೆಯಿಂದ ಇರಬೇಕು ಎಂಬುದು ನಿಯಮ. ಓಟದಲ್ಲಿ ಗೈಡ್ ಆದವಳಿಗೆ ಇತಿಹಾಸದ ಪ್ರಶ್ನೋತ್ತರ ಕೇಳಿ ಕಲಿಸುವುದು ಆ ಕಣ್ಣು ಕಾಣದ ಹುಡುಗಿಯೇ.

ಇದೆಲ್ಲ ಹತ್ತನೇ ಕ್ಲಾಸಿನ ರಿಸಲ್ಟ್‌ಗೆ ಅಡ್ಡಿ ಎನ್ನುವವರು ಇದ್ದಾರೆ. ಎಷ್ಟೋ ಶಾಲೆಯಲ್ಲಿ ದಸರಾ ಮುಗಿದ ಮೇಲೆ ಪಿಟಿ ಪೀರಿಯಡ್ ಎಲ್ಲ ಗಣಿತಕ್ಕೆ ಹೋಗಿಬಿಡುತ್ತದೆ. ಅದರಿಂದ ಎಲ್ಲ ಮಕ್ಕಳಿಗೂ ನಷ್ಟ, ಆದರೆ ಉಳಿದವರು ಸಂಜೆ ಊರಲ್ಲಾದರೂ ಆಡುತ್ತಾರೆ. ಈ ಮಕ್ಕಳಿಗೆ ಓರಗೆಯವರ ಜೊತೆ ಆಡುವ ಜಾಗ ಶಾಲೆ ಒಂದೇ. ಆ ನಲವತ್ತು ನಿಮಿಷ ಕಿತ್ತುಕೊಂಡರೆ ಅವರಿಗೆ ಬೇರೆ ಮೈದಾನ ಇಲ್ಲ. ತಾಲೂಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರು ಬಂದು ಸಲಹೆ ಕೊಡುತ್ತಾರೆ, ಒಳ್ಳೆಯವರು, ಆದರೆ ಅವರ ಮೇಲೆ ಅನೇಕ ಶಾಲೆಗಳ ಭಾರ. ದಿನಾ ಇರುವವರು ನಾವು, ದಿನದ ಕೆಲಸ ನಾವೇ ಮಾಡಬೇಕು.

ಈಗ ವಾರ್ಷಿಕೋತ್ಸವ ಹತ್ತಿರ ಬಂದಿದೆ. ವೇದಿಕೆಗೆ ಇದುವರೆಗೆ ಮೆಟ್ಟಿಲು ಮಾತ್ರ ಇತ್ತು, ಗಾಲಿಕುರ್ಚಿಯ ಹುಡುಗನನ್ನು ನಾಲ್ವರು ಎತ್ತಿ ಮೇಲೆ ಇಡುತ್ತಿದ್ದರು, ಅವನಿಗೆ ಅದು ಇಷ್ಟ ಇಲ್ಲ ಎಂದು ಹೇಳಿದ್ದಾನೆ. ಪೆಂಡಾಲಿನವರ ಜೊತೆ ಮಾತಾಡಿದ್ದೇನೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ನಮ್ಮ ವೇದಿಕೆ ಎರಡೂವರೆ ಅಡಿ ಇದೆ, ಅಂದರೆ ಮೂವತ್ತು ಅಡಿ ಹಲಗೆ. "ಅಷ್ಟುದ್ದ ಯಾಕ್ರಿ" ಎಂದು ಅವರು ತಕರಾರು ತೆಗೆದರು. ಕಡಿದಾದ ರ‍್ಯಾಂಪಿನಲ್ಲಿ ಕುರ್ಚಿ ಹಿಂದಕ್ಕೆ ಉರುಳುತ್ತದೆ ಎಂದು ತೋರಿಸಿದ ಮೇಲೆ, ವೇದಿಕೆಯನ್ನೇ ಒಂದಡಿಗೆ ಇಳಿಸೋಣ, ಹಿಂದೆ ಕೂತವರಿಗೆ ಕಾಣಲು ಮುಂದಿನ ಸಾಲಿನವರು ಜಮಖಾನದ ಮೇಲೆ ಕೂರಲಿ ಎಂದು ಪಿಟಿ ಸರ್ ಹೇಳಿದ್ದಾರೆ. ಹನ್ನೆರಡು ಅಡಿ ಹಲಗೆಗೆ ಪೆಂಡಾಲಿನವರು ಒಪ್ಪಿದ್ದಾರೆ. ಬೋಚಿಯಾ ಚೆಂಡು ಹೊಲಿಯುವ ಅಳತೆ, ಪೈಪ್ ಸೀಳಿಸುವ ರೀತಿ ಬೇಕಾದವರು ಕೆಳಗೆ ಬರೆಯಿರಿ, ಫೋಟೋ ಹಾಕುತ್ತೇನೆ.